‘ದಿ ವೋಟರ್’ ಕತೆಯ ಇಂಗ್ಲಿಷ್ ಕೆಟ್ಟ ಇಂಗ್ಲಿಷ್ ಅಲ್ಲ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಇಂಗ್ಲಿಷ್ ಪಠ್ಯದ ಬಗ್ಗೆ ಪೋಷಕರೊಬ್ಬರು ಬರೆದ ಪತ್ರವನ್ನು ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದಿದೆ. ನೈಜೀರಿಯಾದ ಚಿನುವಾ ಅಚೆಬೆಯವರ ‘ದಿ ವೋಟರ್’ ಕತೆಯನ್ನು ಮಕ್ಕಳಿಗೆ ಪಾಠವಾಗಿ ಇಟ್ಟದ್ದು ಅವರಿಗೆ ಸರಿಬಂದಿಲ್ಲ. ಮನೆಯಲ್ಲಿ ಇಂಗ್ಲಿಷ್ ಆಡದವರು ಬರೆದ ಇಂಗ್ಲಿಷನ್ನು ಓದಿದರೆ ಮಕ್ಕಳ ಭಾಷೆ ಕೆಡುತ್ತದೆ, ನಾಳೆ ಇಂಟರ್‌ವ್ಯೂಗಳಲ್ಲಿ ಸೋಲುತ್ತಾರೆ ಎಂಬುದು ಅವರ ವಾದ. ಮಕ್ಕಳ ಭವಿಷ್ಯದ ಚಿಂತೆಯಿಂದಲೇ ಬರೆದಿದ್ದಾರೆ, ಅನುಮಾನವಿಲ್ಲ. ಆದರೆ ವಾದ ತಪ್ಪು. ಹಾಗೆಂದು ಹೇಳಲು ನನಗೆ ಕಾರಣಗಳಿವೆ. 1980ರ ಸುಮಾರಿನಲ್ಲಿ ನಾನೂ ನಮ್ಮ ಯಜಮಾನರೂ ನೈಜೀರಿಯಾದ ಅನಂಬ್ರಾ ರಾಜ್ಯದ ಹೈಸ್ಕೂಲೊಂದರಲ್ಲಿ ಪಾಠ ಹೇಳುತ್ತಿದ್ದೆವು. ಅವರದು ಗಣಿತ, ನನ್ನದು ಇಂಗ್ಲಿಷ್. ಊರಿಗೆ ಬಂದ ಮೇಲೆ ನಿವೃತ್ತಿಯಾಗುವವರೆಗೂ ಮಲೆನಾಡಿನ ಜೂನಿಯರ್ ಕಾಲೇಜುಗಳಲ್ಲಿ ಇಂಗ್ಲಿಷನ್ನೇ ಕಲಿಸಿದೆ.

ಆಗ ನಮ್ಮ ಕಡೆಯಿಂದ ಆ ದೇಶಕ್ಕೆ ಬಹಳ ಮೇಷ್ಟ್ರುಗಳು ಹೋಗಿದ್ದರು. ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಕೊಡುವ ಯೋಜನೆಯನ್ನು ಅಲ್ಲಿನ ಸರ್ಕಾರ 1976ರಲ್ಲಿ ಶುರು ಮಾಡಿತ್ತು, ಎಣ್ಣೆಯ ದುಡ್ಡು ಹರಿಯುತ್ತಿತ್ತು, ಶಾಲೆಗಳು ಎದ್ದಷ್ಟು ಬೇಗ ಕಲಿಸುವವರು ಸಿಗುತ್ತಿರಲಿಲ್ಲ. ಹಾಗೆ ಹೋದ ನಮ್ಮಂಥವರ ಮನೆಗಳಲ್ಲಿ ಇಂದಿಗೂ ಆ ದೇಶದ ಮಾತು ಬರುತ್ತದೆ.

ಮೊದಲು ಕತೆಯನ್ನೇ ನೋಡೋಣ. ಉಮುವೋಫಿಯಾ ಎಂಬ ಹಳ್ಳಿ. ಅಲ್ಲಿಯ ಮಾರ್ಕಸ್ ಇಬೆ ಮಂತ್ರಿಯಾಗಿ ದೊಡ್ಡ ಮನುಷ್ಯನಾಗಿದ್ದಾನೆ. ಮತ್ತೆ ಚುನಾವಣೆ ಬಂದಿದೆ. ಅವನ ಪರವಾಗಿ ಓಡಾಡುವ ರೂಫ್ ಎಂಬ ಯುವಕ ಊರಿನ ಹಿರಿಯರಿಗೆ ತಲಾ ಎರಡು ಶಿಲಿಂಗ್ ಹಂಚಲು ಹೋಗುತ್ತಾನೆ. ಎರಡು ಶಿಲಿಂಗ್ ಎಂದರೆ ಮರ್ಯಾದೆಗೇಡು ಅನ್ನುತ್ತಾರೆ ಹಿರಿಯರು. ಅವರಲ್ಲೊಬ್ಬರ ಮಾತನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ‘ನಿನ್ನೆ ನಾವು ಅವನ ಹತ್ತಿರ ದುಡ್ಡು ಕೇಳಲಿಲ್ಲ, ನಾಳೆನೂ ಕೇಳೋದಿಲ್ಲ. ಆದರೆ ಇವತ್ತು ನಮ್ಮ ದಿನ. ಇರೋಕೊ ಮರ ಹತ್ತಿ ಆಗಿದೆ. ಬೇಕಾದಷ್ಟು ಸೌದೆ ಇಳಿಸಿಕೊಳ್ಳದೆ ಬಂದರೆ ನಾವೇ ದಡ್ಡರು.’ ಇದರ ಇಂಗ್ಲಿಷ್ ಮೂಲದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೆ ಲಂಡನ್ನಿನ ಯಾವ ಮುದುಕನೂ ಹೀಗೆ ಮಾತಾಡಲಾರ. ಸೊರಬದ ಒಂದು ಜಗಲಿಯ ಮೇಲೆ ಕೂತ ಅಜ್ಜ ಮಾತಾಡುತ್ತಾನೆ. ಇರೋಕೊ ಬದಲು ಹಲಸೋ ಮತ್ತಿಯೋ ಬಂದೀತು, ಅಷ್ಟೇ. ಕಾಲೇಜಿನಲ್ಲಿ ಈ ಪುಟವನ್ನು ಗಟ್ಟಿಯಾಗಿ ಓದಿದ ಪ್ರತಿ ವರ್ಷವೂ ಹಿಂದಿನ ಬೆಂಚಿನ ಹುಡುಗರು ತಲೆ ಎತ್ತಿದ್ದಾರೆ. ಶೇಕ್ಸ್‌ಪಿಯರ್ ಓದುವಾಗ ತಲೆ ತಗ್ಗಿಸುವ ಹುಡುಗರೇ ಅವರು. (ಶೇಕ್ಸ್‌ಪಿಯರನ್ನು ಯಾರೂ ಕಿತ್ತುಹಾಕಿಲ್ಲ. ಅದೇ ಪುಸ್ತಕದ ಮೊದಲ ಪಾಠವೇ ರೋಮಿಯೋ ಜೂಲಿಯೆಟ್‌ನ ಭಾಗ.)

ಅಚೆಬೆಗೆ ಇಂಗ್ಲೆಂಡಿನವರ ಹಾಗೆ ಬರೆಯಲು ಬರುತ್ತಿರಲಿಲ್ಲವೇ? ಧಾರಾಳವಾಗಿ ಬರುತ್ತಿತ್ತು. 1965ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಅದನ್ನು ಅವರೇ ಬರೆದು ತೋರಿಸಿದ್ದಾರೆ. ಅವರ ‘ಆರೋ ಆಫ್ ಗಾಡ್’ ಕಾದಂಬರಿಯಲ್ಲಿ ಒಬ್ಬ ಪೂಜಾರಿ ತನ್ನ ಮಗನನ್ನು ಮಿಷನ್ ಶಾಲೆಗೆ ಕಳಿಸುತ್ತಾನೆ. ಏಕೆ ಕಳಿಸುತ್ತಿದ್ದೇನೆ ಎಂದು ಮಗನಿಗೆ ಹೇಳುವ ಮಾತು ಹೀಗಿದೆ: ‘ನೀನು ಅಲ್ಲಿ ನನ್ನ ಕಣ್ಣಾಗಿರಬೇಕು. ಅದರಲ್ಲಿ ಏನೂ ಇಲ್ಲ ಅಂತಾದರೆ ವಾಪಸ್ ಬಾ. ಏನಾದರೂ ಇದ್ದರೆ ನನ್ನ ಪಾಲು ಮನೆಗೆ ತಗೊಂಡು ಬಾ. ಲೋಕ ಅನ್ನೋದು ಕುಣಿಯೋ ಮುಖವಾಡ ಇದ್ದ ಹಾಗೆ, ಚೆನ್ನಾಗಿ ನೋಡಬೇಕು ಅಂದರೆ ಒಂದೇ ಕಡೆ ನಿಲ್ಲಬಾರದು. ಇವತ್ತು ಬಿಳಿಯರ ಸ್ನೇಹ ಮಾಡದವರು ನಾಳೆ, ಮೊದಲೇ ಗೊತ್ತಿದ್ದರೆ, ಅಂತ ಹೇಳಿಕೊಂಡು ಕೂರ್ತಾರೆ.’ ಇಷ್ಟು ಕೊಟ್ಟ ಮೇಲೆ ಅದೇ ಮಾತನ್ನು ಪೇಟೆಯ ಇಂಗ್ಲಿಷಿನಲ್ಲಿ ಬರೆದು ಪಕ್ಕದಲ್ಲಿ ಇಡುತ್ತಾರೆ. ಅದನ್ನು ಕನ್ನಡಕ್ಕೆ ತಂದರೆ ಸುಮಾರು ಹೀಗಾಗುತ್ತದೆ: ‘ಸುರಕ್ಷತೆಯ ದೃಷ್ಟಿಯಿಂದ ನಿನ್ನನ್ನು ನನ್ನ ಪ್ರತಿನಿಧಿಯಾಗಿ ಕಳುಹಿಸುತ್ತಿದ್ದೇನೆ. ಕಾಲಕ್ಕೆ ತಕ್ಕಂತೆ ಬದಲಾಗದಿದ್ದರೆ ಹಿಂದುಳಿಯಬೇಕಾಗುತ್ತದೆ.’ ವಿಷಯ ಒಂದೇ. ಆದರೆ ಎರಡನೆಯದನ್ನು ಹೇಳುತ್ತಿರುವವನು ಪೂಜಾರಿಯಲ್ಲ, ಯಾವುದೋ ಕಂಪನಿಯ ಮ್ಯಾನೇಜರು. ಅಪ್ಪ ಮಾಯವಾಗಿದ್ದಾನೆ, ಊರು ಮಾಯವಾಗಿದೆ. ಇಂಗ್ಲಿಷ್ ನನ್ನ ಆಫ್ರಿಕಾದ ಅನುಭವದ ಭಾರ ಹೊರಬಲ್ಲದು, ಆದರೆ ಅದು ಹೊಸ ಇಂಗ್ಲಿಷ್ ಆಗಿರಬೇಕು ಎಂದು ಅಚೆಬೆ ಹೇಳಿದ್ದು ಇದೇ ಪ್ರಬಂಧದಲ್ಲಿ. ಪತ್ರ ಬರೆದ ಪೋಷಕರು ಕೇಳುತ್ತಿರುವುದು ಆ ಎರಡನೆಯ ಇಂಗ್ಲಿಷನ್ನು. ಅದನ್ನು ಆಫೀಸು ಕಲಿಸುತ್ತದೆ, ಬೇಗ ಕಲಿಯಲೂಬಹುದು. ಮೊದಲನೆಯದು ಸಾಹಿತ್ಯದ ಕೆಲಸ.

ಇಷ್ಟು ಪುಸ್ತಕದ ಮಾತಾಯಿತು. ನಾನು ಕಣ್ಣಾರೆ ಕಂಡದ್ದು ಇನ್ನೊಂದಿದೆ.

ನಮ್ಮ ಶಾಲೆಯಲ್ಲಿ ಬೆಳಗಿನ ಸಾಲಿನಲ್ಲಿ ಮಕ್ಕಳು ರಾಷ್ಟ್ರಗೀತೆ ಹಾಡುತ್ತಿದ್ದರು. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಇಟ್ಟುಕೊಂಡ ಗೀತೆಯನ್ನು ಬರೆದವರು ಒಬ್ಬ ಬ್ರಿಟಿಷ್ ಹೆಂಗಸು. 1978ರಲ್ಲಿ ಅದನ್ನು ಬಿಟ್ಟು ತಮ್ಮವರೇ ಬರೆದದ್ದನ್ನು ತಂದಿದ್ದರು. (2024ರಲ್ಲಿ ಮತ್ತೆ ಹಳೆಯದಕ್ಕೇ ಹೋಗಿದ್ದಾರೆ.) ಎರಡೂ ಇಂಗ್ಲಿಷಿನವೇ, ಎರಡೂ ಚರ್ಚಿನ ಪ್ರಾರ್ಥನೆಯ ಹಾಗೆ ಬಿಗಿಯಾದ ಇಂಗ್ಲಿಷ್. ಹಾಡು ಮುಗಿದು ಸಾಲು ಒಡೆದ ಕೂಡಲೇ ಅದೇ ಮಕ್ಕಳ ಬಾಯಲ್ಲಿ ಪಿಡ್ಜಿನ್, ಅಂದರೆ ಇಂಗ್ಲಿಷ್ ಶಬ್ದಗಳನ್ನು ಊರಿನ ನಡಿಗೆಗೆ ಬಗ್ಗಿಸಿಕೊಂಡ ಆಡುಮಾತು. ‘ಹೌ ಬಾಡಿ?’ ‘ಐ ಡೇ.’ ಹೇಗಿದ್ದೀಯ ಅಂದರೆ ಇದ್ದೀನಿ. ಸಿಕ್ಕಿಬಿದ್ದರೆ ಶಿಕ್ಷೆ ಇತ್ತು, ಆವರಣದ ಹುಲ್ಲು ಕೊಯ್ಯಬೇಕಿತ್ತು. ಉದ್ದನೆಯ ಮಚ್ಚು ಹಿಡಿದು ಬಿಸಿಲಲ್ಲಿ ಬಗ್ಗಿ ಹುಲ್ಲು ಸವರುತ್ತಿದ್ದ ಹುಡುಗರು, ಆ ಕಡೆ ಹೋಗುವ ನನ್ನನ್ನು ಕಂಡು ಒಳ್ಳೆಯ ಇಂಗ್ಲಿಷಿನಲ್ಲಿ ‘ಗುಡ್ ಆಫ್ಟರ್‌ನೂನ್ ಮಾ’ ಎಂದು, ಹಿಂದೆಯೇ ತಮ್ಮೊಳಗೆ ಪಿಡ್ಜಿನ್ ಮುಂದುವರಿಸುತ್ತಿದ್ದರು. ಹುಲ್ಲಿನ ಶಿಕ್ಷೆಗೂ ಬಗ್ಗದ ಮಾತು ಅದು.

ಏಕೆ ಬಗ್ಗಲಿಲ್ಲ ಎಂಬುದು ಒನಿಚಾ ಸಂತೆಗೆ ಹೋದರೆ ತಿಳಿಯುತ್ತಿತ್ತು. ನೈಜರ್ ನದಿಯ ದಡದ ದೊಡ್ಡ ಪೇಟೆ ಅದು. ಅಂಗಡಿಯವರು ಇಗ್ಬೊಗಳು, ಸೇತುವೆ ದಾಟಿ ಬಂದ ಲಾರಿಗಳಲ್ಲಿ ಯೊರುಬಾ ಡ್ರೈವರುಗಳು, ಉತ್ತರದಿಂದ ಈರುಳ್ಳಿ ತಂದ ಹೌಸಾಗಳು, ನದೀಮುಖದ ಕಡೆಯಿಂದ ಒಣಮೀನು ತಂದ ಇನ್ನೂ ಬೇರೆ ಬೇರೆ ಜನ. ಆ ದೇಶದಲ್ಲಿ ಐನೂರಕ್ಕೂ ಹೆಚ್ಚು ಭಾಷೆಗಳಿವೆ. ಒಬ್ಬರ ಮಾತು ಒಬ್ಬರಿಗೆ ಚೂರೂ ತಿಳಿಯದು. ಆದರೆ ಪಿಡ್ಜಿನ್ ಇದ್ದುದರಿಂದ ಚೌಕಾಸಿ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಕೊಳ್ಳುವವರನ್ನೂ ಕಸ್ಟಮರ್ ಅನ್ನುತ್ತಿದ್ದರು, ಮಾರುವವರನ್ನೂ ಕಸ್ಟಮರ್ ಅನ್ನುತ್ತಿದ್ದರು. ನಾನು ಎಡವಿದರೆ, ಅದಕ್ಕೂ ತನಗೂ ಸಂಬಂಧವೇ ಇಲ್ಲದ ಟೊಮೆಟೊ ಮಾರುವ ಹೆಂಗಸು ‘ಸಾರಿ ಓ’ ಎನ್ನುತ್ತಿದ್ದಳು. ತಪ್ಪೊಪ್ಪಿಗೆಯಲ್ಲ ಅದು, ಅಯ್ಯೋ ಪಾಪ ಎಂಬ ಮರುಕ. ಪೋರ್ಚುಗೀಸ್ ಹಡಗುಗಳ ಕಾಲದಿಂದ ಕರಾವಳಿಯಲ್ಲಿ ಬೆಳೆದು ಬಂದ ವ್ಯಾಪಾರದ ಮಾತು ಇದು. ಶಬ್ದಗಳು ಬಹುಪಾಲು ಇಂಗ್ಲಿಷಿನವು, ನಡಿಗೆ ಮಾತ್ರ ಪೂರ್ತಿ ಆಫ್ರಿಕಾದ್ದು.

ರಾಷ್ಟ್ರದ ಗುರುತು ಎಂದು ನಾವು ದೊಡ್ಡದಾಗಿ ಮಾತಾಡುತ್ತೇವಲ್ಲ, ಅದರ ಒಂದು ನಿಜವಾದ ರೂಪ ನನಗೆ ಕಂಡದ್ದು ಅಲ್ಲಿ. ನಾವಿದ್ದಾಗ ಜಾರಿಯಲ್ಲಿದ್ದ 1979ರ ಸಂವಿಧಾನ ಹೇಳುತ್ತಿದ್ದುದು ಬೇರೆ. ಸಂಸತ್ತಿನ ವ್ಯವಹಾರ ಇಂಗ್ಲಿಷಿನಲ್ಲಿ, ಸರಿಯಾದ ಏರ್ಪಾಡು ಆದಾಗ ಹೌಸಾ, ಇಗ್ಬೊ ಮತ್ತು ಯೊರುಬಾದಲ್ಲಿ. ಮೂರು ದೊಡ್ಡ ಭಾಷೆಗಳಿಗೆ ಹೆಸರಿದೆ, ಉಳಿದ ನೂರಾರು ಭಾಷೆಗಳಿಗೆ ಇಲ್ಲ. ಎಲ್ಲರೂ ಆಡುವ ಪಿಡ್ಜಿನ್‌ಗೂ ಇಲ್ಲ. 1967ರಿಂದ 1970ರವರೆಗೆ, ಪೂರ್ವದ ಸೀಮೆ ಬಿಯಾಫ್ರಾ ಎಂಬ ಬೇರೆ ದೇಶವಾಗಲು ಹೊರಟಾಗ ನಡೆದ ಯುದ್ಧದಲ್ಲಿ ಆ ದೇಶ ತನ್ನನ್ನು ತಾನೇ ಕೊಂದುಕೊಂಡಿತ್ತು. ನಾವಿದ್ದ ಪ್ರದೇಶವೇ ಬಿಯಾಫ್ರಾ. ನನ್ನ ಸಹೋದ್ಯೋಗಿಗಳಲ್ಲಿ ಅಣ್ಣನನ್ನೋ ಅಪ್ಪನನ್ನೋ ಕಳೆದುಕೊಳ್ಳದವರು ಕಡಿಮೆ. ಅಂಥ ಕಡೆ, ಯಾವ ಒಂದು ಬುಡಕಟ್ಟಿಗೂ ಸೇರದ, ಆಡಿದರೆ ಯಾರೂ ಯಾರಿಗೂ ಸೋತಂತಾಗದ ಮಾತು ಅದೊಂದೇ ಇತ್ತು. ಅಚೆಬೆ ಅದನ್ನೂ ಬಿಟ್ಟಿಲ್ಲ. ಯುದ್ಧ ಮುಗಿದ ಕೂಡಲೇ ನಡೆಯುವ ಅವರ ಒಂದು ಕತೆಯಲ್ಲಿ, ರಾತ್ರಿ ಬಾಗಿಲು ಬಡಿಯುವ ಕಳ್ಳರ ನಾಯಕ ಒಳಗಿದ್ದವರಿಗೆ ಪಿಡ್ಜಿನ್‌ನಲ್ಲಿ ಹೇಳುತ್ತಾನೆ: ‘ವಾರ್ ಡನ್ ಫಿನಿಶ್… ದಿಸ್ ಟೈಮ್ ನಾ ಸಿವಿಲ್ ಪೀಸ್. ನೋ ಬಿ ಸೋ?’ ಸಿವಿಲ್ ವಾರ್ ಮುಗಿಯಿತು, ಈಗ ಸಿವಿಲ್ ಪೀಸ್, ಹೌದೋ ಅಲ್ಲವೋ? ಯುದ್ಧಾನಂತರದ ನೈಜೀರಿಯಾ ಹೇಗಿತ್ತು ಎಂದು ಇತಿಹಾಸದ ಪುಸ್ತಕಗಳು ಪುಟಗಟ್ಟಲೆ ಹೇಳುವುದನ್ನು ಆ ಕಳ್ಳ ಒಂದು ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ.

ಆದರೆ ಪಿಡ್ಜಿನ್‌ನ ಹತ್ತಿರದಲ್ಲೇ ನಿಂತು ಇಡೀ ಕಾದಂಬರಿ ಬರೆದವರು ನೈಜೀರಿಯಾದ ಇನ್ನೊಬ್ಬ ಲೇಖಕ ಕೆನ್ ಸಾರೊ-ವಿವಾ. 1985ರಲ್ಲಿ ಬಂದ ‘ಸೋಜಾಬಾಯ್’, ಅಂದರೆ ಸೋಲ್ಜರ್ ಹುಡುಗ. ನಾವು ಊರಿಗೆ ಬಂದ ಮೇಲೆ, ಜೊತೆಗೆ ಕೆಲಸ ಮಾಡುತ್ತಿದ್ದ ಅಲ್ಲಿನ ಟೀಚರೊಬ್ಬರು ಅಂಚೆಯಲ್ಲಿ ಕಳಿಸಿಕೊಟ್ಟರು. ಮುಖಪುಟದಲ್ಲೇ ‘ಕೊಳೆತ ಇಂಗ್ಲಿಷಿನ ಕಾದಂಬರಿ’ ಎಂದಿದೆ. ಪಿಡ್ಜಿನ್, ಹರಕು ಇಂಗ್ಲಿಷ್, ಅಲ್ಲೊಂದು ಇಲ್ಲೊಂದು ಒಳ್ಳೆಯ ಇಂಗ್ಲಿಷ್, ಎಲ್ಲ ಬೆರೆತ ಭಾಷೆ ಇದು, ಅರೆಬರೆ ಓದಿನಿಂದಲೂ ಸಿಗದ ಅವಕಾಶಗಳಿಂದಲೂ ಹುಟ್ಟಿದ್ದು ಎಂದು ಲೇಖಕರೇ ಮೊದಲಲ್ಲಿ ಹೇಳುತ್ತಾರೆ. ಲಾರಿಯ ಕ್ಲೀನರ್ ಕೆಲಸ ಮಾಡಿಕೊಂಡು ಡ್ರೈವಿಂಗ್ ಕಲಿಯುತ್ತಿರುವ ಮೆನೆ ಎಂಬ ಹಳ್ಳಿ ಹುಡುಗ ಯೂನಿಫಾರ್ಮಿನ ಆಸೆಗೆ ಸೈನ್ಯ ಸೇರುತ್ತಾನೆ. ಯಾರ ಮೇಲೆ ಯುದ್ಧ, ಏಕೆ ಯುದ್ಧ, ಅವನಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಮರಳಿ ಬರುವಾಗ ತಾಯಿಯೂ ಇಲ್ಲ, ಹೆಂಡತಿಯೂ ಇಲ್ಲ, ಊರವರು ಅವನನ್ನೇ ದೆವ್ವ ಎಂದು ಹೆದರುತ್ತಾರೆ.

ಆ ಪುಸ್ತಕದ ಆರಂಭದಲ್ಲೇ ಒಂದು ಮಾತು ಬರುತ್ತದೆ. ‘ಬಿಫೋರ್ ಬಿಫೋರ್, ದಿ ಗ್ರಾಮರ್ ವಾಸ್ ನಾಟ್ ಪ್ಲೆಂಟಿ ಆಂಡ್ ಎವೆರಿಬಡಿ ವಾಸ್ ಹ್ಯಾಪಿ.’ ಕನ್ನಡದವರು ಇದಕ್ಕೆ ತಡವರಿಸಬೇಕಾಗಿಲ್ಲ, ನಾವೂ ಮೊದಮೊದಲು ಅನ್ನುವವರೇ. ಮೊದಮೊದಲು ಗ್ರಾಮರು ಜಾಸ್ತಿ ಇರಲಿಲ್ಲ, ಎಲ್ಲರೂ ಸುಖವಾಗಿದ್ದರು. ಮುಂದಕ್ಕೆ, ಗ್ರಾಮರು ಹೆಚ್ಚಾದ ಹಾಗೆ ಕಷ್ಟ ಹೆಚ್ಚಾಯಿತು, ಕಷ್ಟ ಹೆಚ್ಚಾದ ಹಾಗೆ ಸಾಯುವವರು ಹೆಚ್ಚಾದರು. ರೇಡಿಯೋದಲ್ಲಿ, ಭಾಷಣಗಳಲ್ಲಿ, ಸರ್ಕಾರದ ಆಜ್ಞೆಗಳಲ್ಲಿ ಬರುವ ದೊಡ್ಡ ದೊಡ್ಡ ಇಂಗ್ಲಿಷಿಗೆ ಮೆನೆ ಗ್ರಾಮರ್ ಎನ್ನುತ್ತಾನೆ. ಯುದ್ಧಕ್ಕೆ ಕರೆದದ್ದು ಆ ಇಂಗ್ಲಿಷ್. ಸತ್ತದ್ದು ಅದು ಅರ್ಥವಾಗದವರು. ಈ ಕತೆಯನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದಿದ್ದರೆ ಕತೆಯೇ ಸುಳ್ಳಾಗುತ್ತಿತ್ತು. ಆಜ್ಞೆ ಕೊಟ್ಟವರ ಭಾಷೆಯಲ್ಲಿ ಆಜ್ಞೆಗೆ ಬಲಿಯಾದವನು ಮಾತಾಡಿದ ಹಾಗಾಗುತ್ತಿತ್ತು. ನಾನು ಓದಿದ ಯುದ್ಧದ ಕಾದಂಬರಿಗಳಲ್ಲಿ ಇದರಷ್ಟು ನೋಯಿಸಿದ್ದು ಇನ್ನೊಂದಿಲ್ಲ. ಅದೇ ಸಾರೊ-ವಿವಾ ತಮ್ಮ ಟಿವಿ ಧಾರಾವಾಹಿ ‘ಬಾಸಿ ಆಂಡ್ ಕಂಪನಿ’ಯ ಪಾತ್ರಗಳಿಂದ ಶಿಷ್ಟ ಇಂಗ್ಲಿಷನ್ನೇ ಆಡಿಸಿದರು ಎಂಬುದನ್ನೂ ಹೇಳಬೇಕು. ಎಲ್ಲಿ ಯಾವುದು ಬೇಕು ಎಂಬ ವಿವೇಕ ಅವರಿಗಿತ್ತು. ತಮ್ಮದೇ ಸಮುದಾಯವಾದ ಓಗೊನಿ ಜನರ ನೆಲವನ್ನು ಎಣ್ಣೆ ಕಂಪನಿಗಳು ಹಾಳುಗೆಡವಿದ್ದರ ವಿರುದ್ಧ ಎದ್ದು ನಿಂತ ಅವರನ್ನು ಮತ್ತು ಜೊತೆಯ ಎಂಟು ಜನರನ್ನು ಅಲ್ಲಿನ ಸೈನಿಕ ಸರ್ಕಾರ 1995ರ ನವೆಂಬರ್ 10ರಂದು ಗಲ್ಲಿಗೇರಿಸಿತು.

ಕನ್ನಡದ ಓದುಗರು ಇಲ್ಲಿ ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ಅವರನ್ನು ನೆನೆಯುತ್ತಾರೆ, ನನಗೆ ಗೊತ್ತು. ಶಾಲೆಯಲ್ಲಿ ತಾಯ್ನುಡಿ ಗಿಕುಯು ಆಡಿದ ಮಕ್ಕಳ ಕೊರಳಿಗೆ ‘ನಾನು ಕತ್ತೆ’ ಎಂಬ ಫಲಕ ತೂಗುಹಾಕುತ್ತಿದ್ದುದನ್ನು ಬರೆದವರು ಅವರು. ಗಿಕುಯು ಭಾಷೆಯ ನಾಟಕಕ್ಕಾಗಿ 1977ರ ಕೊನೆಯಲ್ಲಿ ಜೈಲು ಸೇರಿ, ಜೈಲಿನ ಟಾಯ್ಲೆಟ್ ಪೇಪರಿನ ಮೇಲೆ ಗಿಕುಯುವಿನಲ್ಲೇ ಕಾದಂಬರಿ ಬರೆದವರು. ಇಂಗ್ಲಿಷನ್ನು ಎಷ್ಟು ಬಗ್ಗಿಸಿದರೂ ಅದು ಆಫ್ರಿಕಾದ ಸಾಹಿತ್ಯವಾಗದು ಎಂಬುದು ಅವರ ನಿಲುವು. ನಮ್ಮ ಮನಸ್ಸು ಸಹಜವಾಗಿ ಆ ಕಡೆಗೇ ವಾಲುತ್ತದೆ, ನನ್ನದೂ ವಾಲುತ್ತದೆ. ಆದರೆ ಸಾರೊ-ವಿವಾ ಒಪ್ಪಲಿಲ್ಲ. ಓಗೊನಿಗಳಂಥ ಸಣ್ಣ ಸಮುದಾಯದವನಿಗೆ, ಇಂಗ್ಲಿಷ್ ಬಿಟ್ಟು ದೇಶದ ದೊಡ್ಡ ಭಾಷೆಯೊಂದಕ್ಕೆ ಹೋಗು ಎಂದರೆ ಒಬ್ಬ ಯಜಮಾನನನ್ನು ಬಿಟ್ಟು ಇನ್ನೊಬ್ಬನ ಮನೆಗೆ ಹೋಗು ಎಂದಂತೆ. ತುಳುವಿನಲ್ಲಿ, ಕೊಡವದಲ್ಲಿ, ಬ್ಯಾರಿಯಲ್ಲಿ ಬರೆಯುವವರು ಇದನ್ನು ನಮಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಅವರ ಮುಂದೆ ನಾವು ಕನ್ನಡದವರು ತಾಯ್ನುಡಿಯ ಮಾತಾಡುವಾಗ ಇದು ನೆನಪಿರಬೇಕು.

ಇನ್ನು ನಮ್ಮ ಮನೆಯದೇ ವಿಷಯ. ಇಂಗ್ಲಿಷನ್ನು ಹೀಗೆ ಊರಿನ ನಡಿಗೆಗೆ ತಂದವರಲ್ಲಿ ಮೊದಲಿಗರೊಬ್ಬರು ಹಾಸನದಲ್ಲೇ ಹುಟ್ಟಿದವರು, ರಾಜಾ ರಾವ್. ‘ಕಾಂತಾಪುರ’ ಬಂದದ್ದು 1938ರಲ್ಲಿ, ಅಚೆಬೆಯವರ ಮೊದಲ ಕಾದಂಬರಿಗಿಂತ ಇಪ್ಪತ್ತು ವರ್ಷ ಮುಂಚೆ. ಹೇಮಾವತಿಯ ಸೀಮೆಯ ಒಬ್ಬ ಅಜ್ಜಿ ಉಸಿರು ಬಿಡದೆ ಕತೆ ಹೇಳುತ್ತಾಳೆ. ಮೂಲೆಮನೆ ಮೂರ್ತಿ ಇಂಗ್ಲಿಷಿನಲ್ಲೂ ‘ಕಾರ್ನರ್-ಹೌಸ್ ಮೂರ್ತಿ’ಯೇ. ತನ್ನದಲ್ಲದ ಭಾಷೆಯಲ್ಲಿ ತನ್ನದೇ ಆದ ಜೀವವನ್ನು ಹೇಳಬೇಕಾದ ಕಷ್ಟವನ್ನು ಆ ಪುಸ್ತಕದ ಮುನ್ನುಡಿ ಹೇಳುತ್ತದೆ. ದೇಶದ ಸ್ವಾತಂತ್ರ್ಯ ಹೋರಾಟವನ್ನು ಆ ಅಜ್ಜಿಯ ಇಂಗ್ಲಿಷಿನಲ್ಲಿ ಓದಿ ಹೊರಗಿನವರು ನಮ್ಮನ್ನು ಅರಿತರು. ಅದಕ್ಕೆ ನಾವು ಹೆಮ್ಮೆ ಪಡುತ್ತೇವೆ. ಆದರೆ ಅಂಥದೇ ಅಜ್ಜಿಯ ಮೊಮ್ಮಗಳು ಕಾಲೇಜಿನಲ್ಲಿ ‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್’ ಎಂದರೆ ಇಡೀ ಕ್ಲಾಸು ನಗುತ್ತದೆ, ಕೆಲವು ಕಡೆ ಮೇಷ್ಟ್ರೂ ಸೇರಿ ನಗುತ್ತಾರೆ. ಆ ನಗುವಿನ ನಂತರ ಕಾಲೇಜು ಮುಗಿಯುವವರೆಗೂ ಬಾಯಿಯನ್ನೇ ಬಿಡದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಪರೀಕ್ಷೆಗೆ ಬೇಕಾದ ರೂಪವನ್ನು ಕಲಿಸೋಣ, ಖಂಡಿತ ಕಲಿಸೋಣ, ನಾನೂ ಜೀವಮಾನವಿಡೀ ಕಲಿಸಿದ್ದೇನೆ. ಆದರೆ ನಗು ಏನನ್ನೂ ಕಲಿಸುವುದಿಲ್ಲ. ಪತ್ರಿಕೆಗಳೂ ಹಳ್ಳಿಯ ಜನಪ್ರತಿನಿಧಿಗಳ ಇಂಗ್ಲಿಷನ್ನು ಕಾಲಂ ತುಂಬಿಸುವ ತಮಾಷೆ ಮಾಡುವುದನ್ನು ನಿಲ್ಲಿಸಬೇಕೆಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ನೈಜೀರಿಯಾದಲ್ಲಿ 2017ರಲ್ಲಿ ಬಿಬಿಸಿಯೇ ಪಿಡ್ಜಿನ್‌ನಲ್ಲಿ ಸುದ್ದಿ ಕೊಡಲು ಶುರು ಮಾಡಿತು. ಹುಲ್ಲು ಕೊಯ್ಯಿಸಿಕೊಂಡ ಮಾತಿನಲ್ಲೇ ಈಗ ಬಜೆಟ್ಟು, ಚುನಾವಣೆ, ಫುಟ್‌ಬಾಲ್ ಎಲ್ಲ ಬರುತ್ತದೆ.

ಇಂಗ್ಲಿಷ್ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟು: ‘ದಿ ವೋಟರ್’ ಪಾಠವನ್ನು ಗೈಡಿನ ಸಾರಾಂಶದಲ್ಲಿ ಮುಗಿಸಬೇಡಿ. ಹಿರಿಯರ ಚೌಕಾಸಿಯ ಪುಟವನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ. ನಿಮ್ಮ ಅಜ್ಜ ಇದನ್ನು ಹೇಗೆ ಹೇಳುತ್ತಿದ್ದರು ಎಂದು ಕೇಳಿ, ಅದನ್ನು ಅವರಿಗೆ ಬಂದ ಇಂಗ್ಲಿಷಿನಲ್ಲಿ ಬರೆಸಿ. ಎರಡು ಪಿರಿಯಡ್ ಸಾಕು. ಎದುರು ಪಕ್ಷದಿಂದಲೂ ದುಡ್ಡು ತೆಗೆದುಕೊಂಡ ರೂಫ್ ಕೊನೆಗೆ ಮತಪತ್ರವನ್ನು ಎರಡಾಗಿ ಹರಿದು ಎರಡೂ ಪೆಟ್ಟಿಗೆಗೆ ಹಾಕುವುದು ಏಕೆ ಎಂಬುದನ್ನು ಆಮೇಲೆ ನೀವು ವಿವರಿಸಬೇಕಾಗಿಯೇ ಇಲ್ಲ.

ಪತ್ರ ಬರೆದ ಪೋಷಕರು ಬಯಸಿದರೆ ನನ್ನ ‘ಸೋಜಾಬಾಯ್’ ಪ್ರತಿಯನ್ನು ಓದಲು ಕಳಿಸುತ್ತೇನೆ. ಕಷ್ಟದ ಪದಗಳ ಪಟ್ಟಿ ಹಿಂಬದಿಯಲ್ಲಿದೆ. ನಿಮ್ಮ ಕಚೇರಿಗೆ ವಿಳಾಸ ತಿಳಿಸಲಿ.

ಇತಿ,
ನಿವೃತ್ತ ಇಂಗ್ಲಿಷ್ ಉಪನ್ಯಾಸಕಿ,
ಸಾಗರ, ಶಿವಮೊಗ್ಗ ಜಿಲ್ಲೆ